ತಿರುಗಿಸಿದರೂ ಚಲಿಸಿದ ಲೆಕ್ಕವೇ?

ಮೇಜಿನ ಮೇಲೆ ಪುಟ್ಟ ಗೊಂಬೆಗಳ ಸೈನ್ಯ ಹೂಡಿ ಆಡುವ ಯುದ್ಧದಾಟಗಳಲ್ಲಿ ಬಹುಪಾಲು ತಕರಾರು ಹುಟ್ಟುವುದು ಗೊಂಬೆಯನ್ನು ಸರಿಸುವಾಗ, ಇಲ್ಲವೇ ಅದು ಶತ್ರುವಿನ ಮೇಲೆ ಏರಿಹೋಗುವಾಗ. ಮೊನ್ನೆ ನಾನೂ ಗೆಳೆಯನೂ ಅರ್ಧ ಗಂಟೆ ವಾದಿಸಿದ್ದು ಒಂದು ರಥದ ವಿಷಯಕ್ಕೆ. ಅದರ ಬೇಸ್, ಅಂದರೆ ಗೊಂಬೆಯನ್ನು ಅಂಟಿಸಿದ ಅಡಿಹಲಗೆ, 4 ಇಂಚು ಉದ್ದ, 2 ಇಂಚು ಅಗಲ. ಶತ್ರುವಿಗೆ ಅಡ್ಡವಾಗಿ ನಿಂತಿದ್ದ ಅದನ್ನು ನಾನು ನಡುಬಿಂದು ಕದಲದಂತೆ ತಿರುಗಿಸಿ ಎದುರುಮುಖ ಮಾಡಿದೆ. ಅಷ್ಟಕ್ಕೇ ಬೇಸಿನ ಅಂಚು 1 ಇಂಚು ಮುಂದೆ ಬಂದು, 9 ಇಂಚಿದ್ದ ಅಂತರ 8ಕ್ಕೆ ಇಳಿಯಿತು. ಎರಡು ದಾಳಗಳ ಮೊತ್ತದಷ್ಟು ದೂರ ನುಗ್ಗುವ ಆಟದಲ್ಲಿ ಇದು ಸಣ್ಣ ಲಾಭವಲ್ಲ: 36 ಸಾಧ್ಯತೆಗಳಲ್ಲಿ 9 ಅಥವಾ ಹೆಚ್ಚು ಬೀಳುವುದು 10ರಲ್ಲಿ, 8 ಅಥವಾ ಹೆಚ್ಚು ಬೀಳುವುದು 15ರಲ್ಲಿ.

ನಿಯಮಪುಸ್ತಕದ ಚಲನೆಯ ಅಧ್ಯಾಯದಲ್ಲಿ ತಿರುಗುವುದರ ಬಗ್ಗೆ ಒಂದು ಮಾತೂ ಇರಲಿಲ್ಲ. ನುಗ್ಗುವ ಅಧ್ಯಾಯದಲ್ಲಿ ಮಾತ್ರ ಬೇಸಿನ ಯಾವ ಭಾಗವೂ ಅಳತೆ ಮೀರಿ ಸರಿಯಬಾರದು ಎಂದಿತ್ತು. ಒಂದು ಕಡೆ ಹೇಳಿ ಇನ್ನೊಂದು ಕಡೆ ಬಿಟ್ಟಿದ್ದಾರೆಂದರೆ ಬೇಕೆಂದೇ ಬಿಟ್ಟಿದ್ದಾರೆ ಎಂಬುದು ನನ್ನ ವಾದ. ಎರಡೂ ಕಡೆ ಒಂದೇ ಪದ ಬಳಸಿರುವಾಗ ಅರ್ಥವೂ ಒಂದೇ ಆಗಬೇಕು ಎಂಬುದು ಅವನದು. ಈಗ ತಣ್ಣಗೆ ಕೂತು ಓದಿದರೆ ಅವನ ಓದೇ ಗಟ್ಟಿ ಎನಿಸುತ್ತದೆ, ಏಕೆಂದರೆ ನನ್ನ ಓದಿನಂತೆ ಉದ್ದನೆಯ ಗೊಂಬೆಗಳಿಗೆಲ್ಲ ಪುಕ್ಕಟೆ ದೂರ ಸಿಗುತ್ತದೆ, ದುಂಡು ಬೇಸಿನವಕ್ಕೆ ಏನೂ ಸಿಗುವುದಿಲ್ಲ. ನಿಜವಾದ ರಥ ಹೇಗೆ ತಿರುಗುತ್ತದೆ ಎಂಬ ವಾದವನ್ನೂ ನಾನು ಮುಂದಿಟ್ಟಿದ್ದೆ. ನಿಜವಾದ ರಥ ಎದುರಾಳಿಯ ಸರದಿ ಮುಗಿಯುವವರೆಗೆ ಸುಮ್ಮನೆ ನಿಂತು ಕಾಯುವುದಿಲ್ಲವಾದ್ದರಿಂದ ಆ ವಾದಕ್ಕೆ ಹೆಚ್ಚು ಬೆಲೆಯಿಲ್ಲ.

1824ರಲ್ಲಿ ಪ್ರಷ್ಯದ ಸೈನ್ಯಾಧಿಕಾರಿ ರೈಸ್‌ವಿಟ್ಸ್ ರೂಪಿಸಿದ ಯುದ್ಧದಾಟದಲ್ಲಿ ಇಂಥದ್ದನ್ನು ಇತ್ಯರ್ಥ ಮಾಡಲು ಒಬ್ಬ ತೀರ್ಪುಗಾರನಿರುತ್ತಿದ್ದ. 1876ರಲ್ಲಿ ಪ್ರಷ್ಯದ ಇನ್ನೊಬ್ಬ ಸೈನ್ಯಾಧಿಕಾರಿ ವೆರ್ಡಿ ದು ವೆರ್ನ್ವಾ ನಿಯಮಗಳಿಗಿಂತ ಆ ತೀರ್ಪುಗಾರನ ಅನುಭವವನ್ನೇ ಹೆಚ್ಚು ನೆಚ್ಚಬೇಕೆಂದು ವಾದಿಸಿದ. ನಮ್ಮಿಬ್ಬರ ನಡುವೆ ಮೂರನೆಯವರಿರಲಿಲ್ಲ. ಹಾಗಾಗಿ ಒಂದು ದಾಳ ಉರುಳಿಸಿ ತೀರ್ಮಾನಿಸಿದೆವು. ಅವನು ಗೆದ್ದ, ನಾನು ರಥವನ್ನು 1 ಇಂಚು ಹಿಂದಿಟ್ಟೆ. ನುಗ್ಗಲು ಎಸೆದ ದಾಳಗಳಲ್ಲಿ 5 ಮತ್ತು 3 ಬಿದ್ದವು.

ನನ್ನ ನಿಜವಾದ ತಪ್ಪು ಓದಿನದ್ದಲ್ಲ, ಹೊತ್ತಿನದ್ದು. ರಥ ಮುಟ್ಟುವ ಮೊದಲೇ ಕೇಳಿದ್ದರೆ ಅದು ನಿಯಮದ ಪ್ರಶ್ನೆಯಾಗಿರುತ್ತಿತ್ತು; ತಿರುಗಿಸಿದ ಮೇಲೆ ಕೇಳಿದ್ದರಿಂದ ನನ್ನ ಲಾಭದ ಪ್ರಶ್ನೆಯಾಯಿತು. ಈಗ ಗೊಂಬೆ ಜೋಡಿಸುವ ಮೊದಲೇ ತಿರುವಿನ ಲೆಕ್ಕ, ಗೋಡೆ ಹತ್ತುವ ಲೆಕ್ಕ ಎರಡನ್ನೂ ಮಾತಾಡಿ ಚೀಟಿಯಲ್ಲಿ ಬರೆದು ಅಳತೆ ಟೇಪಿನ ಪಕ್ಕ ಇಡುತ್ತೇವೆ.