"ಇದು ಎಂತದ್ದು ಅಕ್ಕ?"

ಆಟಿ ತಿಂಗಳ ನಡುವೆ ನಮ್ಮ ವಾಷಿಂಗ್ ಮೆಷಿನ್ ಕೆಟ್ಟಿತು. ಉಡುಪಿಯ ಮಳೆಯಲ್ಲಿ ಮೆಷಿನ್ ಕೆಡುವುದು ಅಂದರೆ ಏನು ಅಂತ ಇಲ್ಲಿ ಬಟ್ಟೆ ಒಣಗಿಸಿದವರಿಗೇ ಗೊತ್ತು. ಒಗೆದದ್ದು ಒಣಗುವುದಿಲ್ಲ, ಒಗೆಯದ್ದು ವಾಸನೆ ಬರುತ್ತದೆ. ಮೂರು ದಿನ ಫೋನು ಮಾಡಿದ ಮೇಲೆ ಬಂದ ಮೆಕ್ಯಾನಿಕ್ ಹುಡುಗ ಮೆಷಿನನ್ನು ಮಗುಚಿ ಹಾಕಿ, ಒಳಗೆ ಮೊಣಕೈವರೆಗೆ ಕೈ ತೂರಿಸಿ, ಏನೇನೋ ತಿರುಗಿಸಿ, ಕೊನೆಗೆ ಒಂದು ತಂತಿ ಎಳೆದು ತೆಗೆದ. ಅರ್ಧಚಂದ್ರದ ಹಾಗೆ ಬಾಗಿದ ತಂತಿ.

"ಇದು ಎಂತದ್ದು ಅಕ್ಕ?" ಅಂತ ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದ.

ಎಲ್ಲರೂ ಅಂದರೆ ಎಲ್ಲರೂ. ಅತ್ತೆ ಅಲ್ಲೇ ಕೂತು ಹಲಸಿನ ಬೀಜ ಸುಲಿಯುತ್ತಿದ್ದರು. ಮಾವ ಪೇಪರ್ ಬಿಟ್ಟು ಎದ್ದು ಬಂದಿದ್ದರು.

"ಕೊಡೆಯ ಕಡ್ಡಿ" ಎಂದರು ಅತ್ತೆ.

"ಕೊಡೆಯ ಕಡ್ಡಿ ಹೀಗೆ ಬಾಗಿರ್ತದಾ? ಇದು ಸಣ್ಣ ಬಕೆಟಿನ ಹಿಡಿ" ಎಂದರು ಮಾವ.

ಅಷ್ಟರಲ್ಲಿ ಹುಡುಗನಿಗೆ ಅದು ಏನು ಅಂತ ಹೊಳೆದಿರಬೇಕು, ಪಾಪ, ಅವನ ಕಿವಿ ಕೆಂಪಾಯಿತು. ನಾನು ಸುಮ್ನೆ "ಗೊತ್ತಿಲ್ಲ ಮಾರಾಯ" ಅಂದೆ. ಮಾವ ತಂತಿಯನ್ನು ಅವನ ಕೈಯಿಂದ ತೆಗೆದುಕೊಂಡು, ಹೆಗಲ ಮೇಲಿನ ಬೈರಾಸಿನಲ್ಲಿ ಚೆನ್ನಾಗಿ ಒರೆಸಿ, "ಗಟ್ಟಿ ಉಂಟು, ಉಪಯೋಗಕ್ಕೆ ಬರ್ತದೆ" ಎಂದು ಮೊಳೆ ಡಬ್ಬದೊಳಗೆ ಹಾಕಿದರು.

ಅದು ನನ್ನ ಎಡಗಡೆಯ ತಂತಿ. ಹದಿನೈದು ದಿನದಿಂದ ಕಂಕುಳ ಕೆಳಗೆ ಚುಚ್ಚುತ್ತಿದ್ದದ್ದು ಅದೇ. ಎರಡು ಸಲ ಒಳಗೆ ತಳ್ಳಿ ಹೊಲಿಗೆ ಹಾಕಿದ್ದೆ, ಒಂದು ಸಲ ಬ್ಯಾಂಡೇಜಿನ ಪಟ್ಟಿ ಅಂಟಿಸಿದ್ದೆ. ಎಸೆಯುವ ಯೋಚನೆ ಮಾತ್ರ ಬರಲಿಲ್ಲ, ಯಾಕೆಂದರೆ ಬ್ರಾ ಅಂದರೆ ಚುಚ್ಚುವ ವಸ್ತು ಎಂದೇ 22 ವರ್ಷ ನಂಬಿದವಳು ನಾನು. ಹೊಸ ಚಪ್ಪಲಿ ಕಚ್ಚುತ್ತದೆ, ಬ್ರಾ ಚುಚ್ಚುತ್ತದೆ, ಇದರಲ್ಲಿ ದೂರು ಹೇಳಲಿಕ್ಕೆ ಏನಿದೆ?

22 ವರ್ಷದ ಲೆಕ್ಕ ಹೇಗೆ ಅಂದರೆ, ನನ್ನ ಮದುವೆಯ ಬ್ಲೌಸ್ ಹೊಲಿಸಲು ಅಮ್ಮ ನನ್ನನ್ನು ಟೈಲರ್ ಹತ್ತಿರ ಕರೆದುಕೊಂಡು ಹೋದ ದಿನದಿಂದ. ಆ ಟೈಲರಮ್ಮ ಟೇಪು ಸುತ್ತಿ, ಪುಸ್ತಕದಲ್ಲಿ 36 ಅಂತ ಬರೆದರು. ನಮ್ಮದು ಶಂಕರಪುರದ ಕಡೆ. ಮಲ್ಲಿಗೆ ಕಟ್ಟಿ ಉಳಿಸಿದ ದುಡ್ಡು ಅಮ್ಮನ ಕೈಯಲ್ಲಿತ್ತು. ಬರುವ ದಾರಿಯಲ್ಲೇ ಅಂಗಡಿಗೆ ಹೋಗಿ, ಸ್ವರ ಇಳಿಸಿ, "ಬಾಡಿ ಕೊಡಿ, 36" ಎಂದರು. ಅಂಗಡಿಯವರು ಅರ್ಧ ಡಜನ್ ಕಟ್ಟಿ, ಪೇಪರಿನಲ್ಲಿ ಸುತ್ತಿ, ಅದರ ಮೇಲೆ ಇನ್ನೊಂದು ಪೇಪರ್ ಸುತ್ತಿ ಕೊಟ್ಟರು. ಬಿ, ಸಿ ಅಂತ ಅಕ್ಷರ ಇರುತ್ತದೆ ಎಂದು ಅಮ್ಮ ಕೇಳಲಿಲ್ಲ, ಅವರೂ ಹೇಳಲಿಲ್ಲ. ಅಂದಿನಿಂದ ನನಗೆ ಆಧಾರ್ ನಂಬರ್ ನೆನಪಿಲ್ಲದಿದ್ದರೂ 36 ನೆನಪಿದೆ.

ಆ 36 ಹಾಕಿಕೊಂಡು ನಾನು ದಿನಾ ಮಣಿಪಾಲಕ್ಕೆ ಸಿಟಿ ಬಸ್ಸಿನಲ್ಲಿ ಆಫೀಸಿಗೆ ಹೋಗುತ್ತೇನೆ. ಕಂಡಕ್ಟರ್ "ಮುಂದೆ ಹೋಗಿ, ಮುಂದೆ ಹೋಗಿ" ಅನ್ನುತ್ತಾನೆ. ಮುಂದೆ ಹೋಗಬೇಕಾದರೆ ಮೇಲಿನ ರಾಡ್ ಹಿಡಿಯಬೇಕು. ರಾಡ್ ಹಿಡಿಯಲು ಕೈ ಎತ್ತಿದರೆ ಬ್ರಾ ಕೂಡ ಜೊತೆಗೆ ಮೇಲೆ ಹೊರಡುತ್ತದೆ. ಕಲ್ಸಂಕದಲ್ಲಿ ಬ್ರೇಕ್ ಹಾಕಿದರೆ ಬಲಗಡೆ ಪಟ್ಟಿ ತೋಳಿಗೆ ಜಾರುತ್ತದೆ. ಇಳಿಯುವಷ್ಟರಲ್ಲಿ ಹಿಂದಿನ ಹುಕ್ ಕುತ್ತಿಗೆಗೆ ಬರುವುದೊಂದು ಬಾಕಿ. ಜಾರಬಾರದು ಅಂತ ಪಟ್ಟಿ ಬಿಗಿ ಮಾಡಿ ಮಾಡಿ ಎರಡೂ ಹೆಗಲಲ್ಲಿ ಗದ್ದೆಯ ಕಣಿಯ ಹಾಗೆ ಗುಂಡಿ ಬಿದ್ದಿತ್ತು. ನಾನು ನನ್ನ ಹೆಗಲಿನದ್ದೇ ತಪ್ಪು, ಅದು ಇಳಿಜಾರು ಅಂದುಕೊಂಡಿದ್ದೆ.

ತಂತಿ ಪ್ರಕರಣ ಕೇಳಿ ಹೊಟ್ಟೆ ಹಿಡಿದು ನಕ್ಕದ್ದು ಮಗಳು. ಕಾಲೇಜಿಗೆ ಹೋಗುವವಳು, ಅವಳಿಗೆ ಈ ವಿಷಯದಲ್ಲಿ ನಾಚಿಕೆ ಗೀಚಿಕೆ ಇಲ್ಲ. ಹೊಲಿಗೆ ಡಬ್ಬದಿಂದ ಇಂಚಿನ ಟೇಪು ತಂದು ರೂಮಿನ ಬಾಗಿಲು ಹಾಕಿದಳು. ಎದೆಯ ಕೆಳಗೆ, ಪಕ್ಕೆಲುಬಿನ ಮೇಲೆ ಟೇಪನ್ನು ಬಿಗಿಯಾಗಿ ಸುತ್ತಿ, "ಅಮ್ಮ, ಉಸಿರು ಬಿಡು. ಪೂರ್ತಿ ಬಿಡು. ಹೊಟ್ಟೆ ಎಳ್ಕೊಳ್ಳುವುದು ಬೇಡ, ಇಲ್ಲಿ ಫೋಟೋ ತೆಗೆಯುವುದಿಲ್ಲ" ಎಂದಳು. 32 ಬಂತು. ಆಮೇಲೆ ಎದೆಯ ಮೇಲೆ ತುಂಬಿದ ಜಾಗಕ್ಕೆ ಸಡಿಲವಾಗಿ ಸುತ್ತಿದಳು. 36.

"ನೋಡು, 36 ಸರಿ ಉಂಟಲ್ಲ!" ಅಂದೆ ನಾನು, ಗೆದ್ದವಳ ಹಾಗೆ.

"ಅದು ಬ್ಲೌಸಿಗೆ. ಬ್ರಾದ ನಂಬರು ಕೆಳಗಿನ ಅಳತೆಯದ್ದು. ನೀನು 32."

ಎರಡು ಅಳತೆಗಳ ನಡುವಿನ ಅಂತರದಿಂದ ಕಪ್ಪಿನ, ಅಂದರೆ ಎದೆ ಕೂರುವ ಬಟ್ಟಲಿನ, ಅಕ್ಷರ ಅಂತೆ. ಒಂದು ಇಂಚು ಜಾಸ್ತಿ ಇದ್ದರೆ ಎ, ಎರಡಾದರೆ ಬಿ, ಮೂರಾದರೆ ಸಿ, ನಾಲ್ಕಾದರೆ ಡಿ. ಕಂಪನಿಯಿಂದ ಕಂಪನಿಗೆ ಸ್ವಲ್ಪ ಆಚೀಚೆ ಆಗುತ್ತದೆ, ಆದರೆ ಮೂಲ ಲೆಕ್ಕ ಇಷ್ಟೇ. 36ರಲ್ಲಿ 32 ಕಳೆದರೆ ನಾಲ್ಕು. ಹಾಗಾದರೆ ನಾನು 32 ಡಿ.

ಡಿ! ಡಿ ಅಂದರೆ ನನ್ನ ತಲೆಯಲ್ಲಿ ಮರದಲ್ಲಿ ಜೋತ ಹಲಸಿನ ಹಣ್ಣು. ನಾನು ಕನ್ನಡಿ ನೋಡಿದೆ. ಅಂಥದ್ದೇನೂ ಕಾಣಲಿಲ್ಲ. ನನ್ನ ತಪ್ಪು ತಿಳುವಳಿಕೆ ಎಲ್ಲಿತ್ತು ಅಂದರೆ, ಕಪ್ ಅಂದರೆ ನಮ್ಮ ಕುಡ್ತೆ, ಪಾವು, ಸೇರಿನ ಹಾಗೆ ನಿಗದಿ ಅಳತೆ ಅಂದುಕೊಂಡಿದ್ದೆ. ಹಾಲಿನವರ ಮನೆಯ ಕುಡ್ತೆಯೂ ನಮ್ಮ ಮನೆಯ ಕುಡ್ತೆಯೂ ಒಂದೇ ಅಲ್ವಾ? ನಾಲ್ಕು ಚೆಂಡು ಮಲ್ಲಿಗೆ ಸೇರಿದರೆ ಒಂದು ಅಟ್ಟೆ, ಅದು ಶಂಕರಪುರದಲ್ಲೂ ಅಷ್ಟೇ, ಮುಂಬೈಗೆ ಹೋದರೂ ಅಷ್ಟೇ. ಬ್ರಾದ ಅಕ್ಷರ ಹಾಗಲ್ಲ. 32ರ ಬಿ ಚಿಕ್ಕದು, 38ರ ಬಿ ದೊಡ್ಡದು. ಅಕ್ಷರ ಒಂದೇ, ಒಳಗೆ ಹಿಡಿಯುವುದು ಬೇರೆ. ಇನ್ನೂ ಮಜಾ ಏನೆಂದರೆ 36 ಬಿ, 34 ಸಿ, 32 ಡಿ, ಈ ಮೂರರ ಕಪ್ ಹೆಚ್ಚುಕಡಿಮೆ ಒಂದೇ. ಅಂದರೆ ಇಷ್ಟು ವರ್ಷ ನಾನು ಹಾಕುತ್ತಿದ್ದ 36 ಬಿಯ ಕಪ್ಪಿನಲ್ಲಿ ತಪ್ಪಿರಲಿಲ್ಲ, ಅದನ್ನು ಹಿಡಿದು ನಿಲ್ಲಿಸಬೇಕಾದ ಬ್ಯಾಂಡ್, ಅಂದರೆ ಎದೆಯ ಕೆಳಗೆ ಸುತ್ತುವ ಪಟ್ಟಿ, ನಾಲ್ಕು ಇಂಚು ಸಡಿಲ. ಭಾರ ಹೊರಬೇಕಾದದ್ದು ಮುಖ್ಯವಾಗಿ ಬ್ಯಾಂಡ್. ಅದು ರಜೆ ಹಾಕಿದ್ದರಿಂದ ಹೆಗಲ ಪಟ್ಟಿ ಓವರ್‌ಟೈಮ್ ಮಾಡುತ್ತಿತ್ತು.

ಈ ಎ, ಬಿ, ಸಿ, ಡಿ ಶುರು ಮಾಡಿದ್ದು ಅಮೆರಿಕದ ಎಸ್.ಎಚ್. ಕ್ಯಾಂಪ್ ಎಂಬ ಕಂಪನಿ, 1932ರಲ್ಲಿ. ಆಮೇಲೆ ಯಾರೋ ಕೆಳಗಿನ ಅಳತೆಗೆ ನಾಲ್ಕು ಇಂಚು ಸೇರಿಸಿ ಎಂಬ ಇನ್ನೊಂದು ಲೆಕ್ಕ ಬೇರೆ ಹೊರಡಿಸಿದರು, ಅದು ಕೆಲವು ಕಡೆ ಈಗಲೂ ಉಂಟು. ಆ ಲೆಕ್ಕದಲ್ಲೂ ನಾನು 36ಕ್ಕೇ ಬಂದು ನಿಲ್ಲುತ್ತೇನೆ. ಋಣ ನೋಡಿ.

ಮರುದಿನ ಸಂಜೆ, ಯಾವ ಅಂಗಡಿ ಅಂತ ಬೇಡ, ಒಂದು ಬಟ್ಟೆ ಅಂಗಡಿಗೆ ಹೋದೆ. ಅಲ್ಲಿ ಕೆಳಗೆ ಲುಂಗಿ, ಬೈರಾಸು, ಪೆಟಿಕೋಟು. ಬ್ರಾ ಇರುವುದು ಅಟ್ಟದಲ್ಲಿ. ಅಂಗಡಿಯವರು ಮರ್ಯಾದಸ್ಥರು, ಹೆಂಗಸರು ಇದನ್ನು ಕೇಳಿದರೆ ಸೀಲಿಂಗ್ ಫ್ಯಾನ್ ನೋಡಿಕೊಂಡು ಮಾತಾಡುತ್ತಾರೆ.

"32 ಡಿ ಉಂಟಾ?" ಮೆಲ್ಲ ಕೇಳಿದೆ.

"ಎಷ್ಟು?"

"32 ಡಿ."

"32ರಲ್ಲಿ ಬಿ ಮಾತ್ರ ಬರುವುದು ಅಕ್ಕ" ಎಂದರು ಫ್ಯಾನಿಗೆ. "36 ಕೊಡ್ಲಾ? ಸ್ವಲ್ಪ ಫ್ರೀ ಇರ್ತದೆ."

ಫ್ರೀ ಇದ್ದೇ ಈ ಗತಿ ಆದದ್ದು ಅಂತ ಹೇಳಲಿಕ್ಕಾಗುತ್ತದಾ? "ಹಾಗಾದರೆ 34 ಸಿ?" ಅಂದೆ. ಅವರು ತಲೆಯೆತ್ತಿ ಅಟ್ಟದ ಹುಡುಗನಿಗೆ, ರಥೋತ್ಸವದ ದಿನ ಕೂಗುವ ಸ್ವರದಲ್ಲಿ, "34 ಸಿ ಬಿಸಾಡು!" ಎಂದರು. ಹುಡುಗ ಬಿಸಾಡಿದ. ಬಾಕ್ಸ್ ಗಾಳಿಯಲ್ಲೇ ತೆರೆದುಕೊಂಡಿತು. ಕ್ರಿಕೆಟ್ ಗೊತ್ತಿದ್ದವರಾಗಿದ್ದರೆ ಅಂಗಡಿಯವರು ಹಿಡಿಯುತ್ತಿದ್ದರು. ಅವರು ಹಿಡಿಯಲಿಲ್ಲ. ಬಾಕ್ಸ್ ಬಂದು ಕೌಂಟರಿಗೆ ಬಡಿಯಿತು, ಒಳಗಿದ್ದದ್ದು ಹಾರಿ, ಆಚೆ ಬದಿ ಬೈರಾಸು ನೋಡುತ್ತಿದ್ದ ಒಬ್ಬ ಹಿರಿಯರ ಹೆಗಲ ಮೇಲೆ ಬಿತ್ತು. ಅವರು ತಿರುಗಿದರು. ಹೈಸ್ಕೂಲಿನಲ್ಲಿ ನನಗೆ ಲೆಕ್ಕ ಕಲಿಸಿದ ಮಾಷ್ಟ್ರು.

ಮಾಷ್ಟ್ರು ಅದನ್ನು ಎರಡು ಬೆರಳಲ್ಲಿ ಎತ್ತಿ ಕೌಂಟರಿನ ಮೇಲಿಟ್ಟು, ನನ್ನನ್ನು ನೋಡಿ, "ಆರಾಮಾ? ಅಪ್ಪ ಹೇಗಿದ್ದಾರೆ?" ಎಂದರು. ನಾನು "ಆರಾಮು ಸರ್, ಕಾಲು ನೋವು ಒಂದು ಉಂಟು" ಅಂದೆ. ಒಂದು ನಿಮಿಷ ಅಪ್ಪನ ಮೊಣಕಾಲಿನ ಬಗ್ಗೆ ಇಬ್ಬರೂ ಬಹಳ ಗಂಭೀರವಾಗಿ ಮಾತಾಡಿದೆವು. ಕಳೆಯುವ ಲೆಕ್ಕದಲ್ಲಿ ನಾನು ಹಿಂದೆ ಅಂತ ಅವರು ಆಗ ಹೇಳುತ್ತಿದ್ದದ್ದು ನಿಜ, ಒಂದು ಕಳೆಯುವ ಲೆಕ್ಕ ಮಾಡಲಿಕ್ಕೆ ನನಗೆ 22 ವರ್ಷ ಹಿಡಿಯಿತಲ್ಲ.

ಆ ದಿನ ಏನೂ ತೆಗೆದುಕೊಳ್ಳದೆ ಬಂದೆ. ಭಾನುವಾರ ಮಗಳು ಮಂಗಳೂರಿಗೆ ಎಳೆದುಕೊಂಡು ಹೋದಳು, ಟ್ರಯಲ್ ರೂಮ್ ಇರುವ ಅಂಗಡಿಗೆ. ಅಲ್ಲಿ ಸೇಲ್ಸ್ ಹುಡುಗಿ ಫ್ಯಾನ್ ನೋಡಲಿಲ್ಲ, ನೇರ ನನ್ನನ್ನೇ ನೋಡಿ ಹೇಳಿಕೊಟ್ಟಳು. ಹೊಸದನ್ನು ಕಡೆಯ ಸಡಿಲ ಹುಕ್ಕಿಗೇ ಹಾಕಿ ನೋಡಬೇಕು, ಇಲಾಸ್ಟಿಕ್ ಎಳೆದ ಹಾಗೆ ಒಳಗಿನ ಹುಕ್ಕಿಗೆ ಬರಬಹುದು. ಹಾಕಿದ ಮೇಲೆ ಸ್ವಲ್ಪ ಮುಂದೆ ಬಗ್ಗಿ, ಕಂಕುಳ ಬದಿಯಿಂದ ಎಲ್ಲವನ್ನೂ ಕೈಯಲ್ಲಿ ಕಪ್ಪಿನೊಳಗೆ ತುಂಬಿಸಿಕೊಳ್ಳಬೇಕು. ಬ್ಯಾಂಡಿನ ಕೆಳಗೆ ಎರಡು ಬೆರಳು ಹೋಗಬೇಕು, ಮುಷ್ಟಿ ಹೋಗಬಾರದು. ನಡುವಿನ ತುಂಡು ಎದೆಗೆ ಅಂಟಿ ಕೂರಬೇಕು. ನಾನು ನನ್ನದೇ ಒಂದು ಪರೀಕ್ಷೆ ಸೇರಿಸಿದೆ: ಬಸ್ಸಿನ ರಾಡ್ ಹಿಡಿದ ಹಾಗೆ ಕೈ ಎತ್ತಿ, ಕಲ್ಸಂಕದ ಬ್ರೇಕ್ ನೆನೆಸಿಕೊಂಡು ಮುಂದೆ ವಾಲಿದೆ. ಟ್ರಯಲ್ ರೂಮಿನ ಕನ್ನಡಿಗೆ ಹಣೆ ಬಡಿಯಿತು.

"ಎಂತಾಯ್ತು ಅಕ್ಕ?" ಹೊರಗಿನಿಂದ ಸ್ವರ ಬಂತು.

ಏನೂ ಆಗಲಿಲ್ಲ. ಅದೇ ಸುದ್ದಿ. ಬ್ರಾ ಇದ್ದಲ್ಲೇ ಇತ್ತು.

32 ಡಿಯಲ್ಲಿ ಮೂರು ತಂದೆ, ಎರಡು ತಂತಿ ಇಲ್ಲದ ಕಾಟನ್. ನಮ್ಮ ಬೆವರಿಗೆ ಕಾಟನ್ನೇ ಸೈ, ಲೇಸು ಗೀಸು ಎಲ್ಲ ಮೇ ತಿಂಗಳಲ್ಲಿ ತುರಿಕೆ. ಈಗ ಹುಕ್ ಹಾಕಿ, ಬಲೆಚೀಲದಲ್ಲಿಟ್ಟು ಮೆಷಿನಿಗೆ ಹಾಕುತ್ತೇನೆ. ಮೊದಲಿನ ಹಾಗೆ ಬಚ್ಚಲಿನ ಹಂಡೆಯ ಮೇಲೆ ಒಣಗಿಸುವುದಿಲ್ಲ, ಆ ಬಿಸಿಗೆ ಇಲಾಸ್ಟಿಕ್ ಒಂದೇ ಮಳೆಗಾಲದಲ್ಲಿ ಸತ್ತುಹೋಗುತ್ತದೆ. ಬೈರಾಸಿನ ಅಡಿಯಲ್ಲಿ ಅಡಗಿಸಿ ಒಣಗಿಸುವುದನ್ನು ಮಾತ್ರ ಇನ್ನೂ ಬಿಟ್ಟಿಲ್ಲ.

ಮೊನ್ನೆ ಮಾವ ಅಂಗಳದಲ್ಲಿ ಮಲ್ಲಿಗೆ ಗಿಡದ ಹತ್ತಿರ ಕೂತಿದ್ದರು. ಒಂದು ಬಳ್ಳಿಯನ್ನು ನೆಲಕ್ಕೆ ಬಗ್ಗಿಸಿ, ಬೇರು ಬಿಡಲಿ ಅಂತ ಮಣ್ಣು ಮುಚ್ಚಿ, ಅದು ಏಳದ ಹಾಗೆ ಮೇಲಿನಿಂದ ನನ್ನ ತಂತಿಯನ್ನು ಚುಚ್ಚಿದ್ದರು. ಬಾಗಿದ ತಂತಿ ಬಳ್ಳಿಗೆ ಸರಿಯಾಗಿ ಕೂತಿತ್ತು.

"ಒಳ್ಳೆ ತಂತಿ ಮಾರಾಯ್ತಿ" ಎಂದರು. "ಇಂಥದ್ದೇ ಇನ್ನೊಂದು ಸಿಕ್ಕಿದ್ದರೆ ಈ ಬದಿಯ ಬಳ್ಳಿಗೂ ಆಗ್ತಿತ್ತು."

ರಾತ್ರಿ ಎಲ್ಲರೂ ಮಲಗಿದ ಮೇಲೆ ಕಪಾಟಿನಿಂದ ಆ ಹಳೇ 36 ತೆಗೆದು, ಬಲಗಡೆಯ ಹೊಲಿಗೆ ಬಿಚ್ಚಿ, ತಂತಿಯನ್ನು ಮೊಳೆ ಡಬ್ಬದೊಳಗೆ ಹಾಕಿ ಬಂದೆ.