ಪ್ರಾಣಿಗಳ ಸ್ವಭಾವ ಹಾರ್ಮೋನ್ ಕೈಲಿದ್ಯಾ? ಪರ-ವಿರೋಧ

ಪರ

ಹೌದು, ನನ್ ಪ್ರಕಾರ ಲಗಾಮು ಹಾರ್ಮೋನ್ ಕೈಲೇ ಇದೆ. 1849ರಲ್ಲೇ ಜರ್ಮನಿಯ ವಿಜ್ಞಾನಿ ಬರ್ಟೋಲ್ಡ್ ಎಳೆ ಹುಂಜಗಳ ವೃಷಣ ತೆಗೆದು ನೋಡಿದ್ರು, ಅವು ಬೆಳೆದ್ಮೇಲೆ ಸರಿಯಾಗಿ ಕೂಗ್ಲಿಲ್ಲ, ಜಗಳಕ್ಕೂ ಹೋಗ್ಲಿಲ್ಲ, ಹೇಂಟೆಗಳ ಕಡೆ ತಿರುಗೂ ನೋಡ್ಲಿಲ್ಲ, ಆದ್ರೆ ತೆಗೆದ ವೃಷಣವನ್ನೇ ಹೊಟ್ಟೆಯೊಳಗೆ ಬೇರೆ ಜಾಗದಲ್ಲಿ ಕೂರಿಸಿದ ಹುಂಜಗಳು ಮಾಮೂಲಿಯಾಗೇ ಕೂಗಿ ಕಾದಾಡಿದ್ವು. ಹಳೇ ನರದ ಸಂಪರ್ಕ ಕಟ್ ಆಗಿತ್ತಲ್ಲ, ಅಂದ್ಮೇಲೆ ಏನೋ ಒಂದು ರಕ್ತದಲ್ಲೇ ಹರಿದು ಹೋಗ್ತಿರ್ಬೇಕು. ವೃಷಣದಿಂದ ಬರೋ ಈ ಗಂಡು ಹಾರ್ಮೋನ್‌ಗೆ ಟೆಸ್ಟೋಸ್ಟೆರಾನ್ ಅನ್ನೋ ಹೆಸರು ಬಂದಿದ್ದು 1935ರಲ್ಲಿ, ಅದಕ್ಕೂ ಎಷ್ಟೋ ಮುಂಚಿನ ಕಥೆ ಇದು.

ಇನ್ನು ಅಮೆರಿಕದ ವೋಲ್‌ಗಳು, ಇಲಿ ತರದ ಪುಟ್ಟ ಪ್ರಾಣಿಗಳು. ಪ್ರೇರಿ ವೋಲ್ ಜೋಡಿ ಕಟ್ಕೊಂಡು ಸಂಸಾರ ಮಾಡುತ್ತೆ, ಅದರ ಹತ್ತಿರದ ಸಂಬಂಧಿ ಮೆಡೋ ವೋಲ್‌ಗೆ ಅದೆಲ್ಲ ಬೇಡ. ಎರಡ್ರಲ್ಲೂ ವಾಸೊಪ್ರೆಸಿನ್ ಅನ್ನೋ ಹಾರ್ಮೋನ್ ಇದೆ, ವ್ಯತ್ಯಾಸ ಇರೋದು ಅದನ್ನ ಹಿಡಿಯೋ ರಿಸೆಪ್ಟರ್‌ಗಳು ಮೆದುಳಲ್ಲಿ ಎಲ್ಲಿ, ಎಷ್ಟಿವೆ ಅನ್ನೋದ್ರಲ್ಲಿ. 2004ರಲ್ಲಿ ವಿಜ್ಞಾನಿ ಲ್ಯಾರಿ ಯಂಗ್ ತಂಡ ವೈರಸ್ ಮೂಲಕ ಆ ರಿಸೆಪ್ಟರ್‌ನ ಜೀನ್ ಒಂದನ್ನೇ ಗಂಡು ಮೆಡೋ ವೋಲ್‌ನ ಮುಮ್ಮೆದುಳಿಗೆ ಸೇರಿಸ್ತು, ಅವೂ ಒಂದೇ ಹೆಣ್ಣಿಗೆ ಅಂಟ್ಕೊಂಡು ಕೂರೋಕೆ ಶುರು ಮಾಡಿದ್ವು. ಒಂದು ಜೀನ್ ಸ್ವಾಮಿ!

ವಿರೋಧ

ವೋಲ್ ಕಥೆ ಅಲ್ಲಿಗೇ ನಿಲ್ಲಿಸಿದ್ರೆ ಚೆಂದ ನಿಜ. 2023ರಲ್ಲಿ ಜೀನ್ ಕತ್ತರಿಸೋ ಕ್ರಿಸ್ಪರ್ ತಂತ್ರ ಬಳಸಿ, ಜೋಡಿ ಕಟ್ಟೋಕೆ ಬೇಕೇ ಬೇಕು ಅಂತಿದ್ದ ಇನ್ನೊಂದು ಹಾರ್ಮೋನ್ ಆಕ್ಸಿಟೋಸಿನ್‌ನ ರಿಸೆಪ್ಟರೇ ಇಲ್ಲದ ಪ್ರೇರಿ ವೋಲ್‌ಗಳನ್ನ ಹುಟ್ಟಿಸಿದ್ರು, ಅವೂ ಆರಾಮಾಗಿ ಜೋಡಿ ಆದ್ವು. 'ಪ್ರೀತಿಯ ಹಾರ್ಮೋನ್' ಅಂತ ಮೆರೆಸಿದ್ದೆಲ್ಲ ಎಲ್ಲಿ ಹೋಯ್ತು?

ಹಾರ್ಮೋನ್ ಮುಂದೆ, ನಡತೆ ಹಿಂದೆ ಅಂತ ಯಾಕೆ ಅಂದ್ಕೋಬೇಕು? ಆಫ್ರಿಕಾದ ಬರ್ಟೋನಿ ಸಿಕ್ಲಿಡ್ ಮೀನುಗಳಲ್ಲಿ ಯಜಮಾನ ಗಂಡನ್ನ ತೆಗೆದ್ರೆ ಸಾಕು, ಬಾಲ ಮುದುರ್ಕೊಂಡಿದ್ದ ಇನ್ನೊಂದು ಗಂಡು ನಿಮಿಷಗಳಲ್ಲೇ ಬಣ್ಣ ತುಂಬ್ಕೊಂಡು ದಬಾಯಿಸೋಕೆ ಶುರು ಮಾಡುತ್ತೆ, ಆಮೇಲೆ ನಿಧಾನಕ್ಕೆ ಅದರ ಮೆದುಳಲ್ಲಿ ಸಂತಾನ ಹಾರ್ಮೋನ್‌ಗಳಿಗೆ ಸಿಗ್ನಲ್ ಕೊಡೋ ನರಕೋಶಗಳು ದೊಡ್ಡದಾಗ್ತವೆ, ಪಟ್ಟ ಹೋದ್ರೆ ಮತ್ತೆ ಸಣ್ಣ. ಹಕ್ಕಿಗಳಲ್ಲೂ ಅಷ್ಟೇ, ಎದುರಾಳಿ ಬಂದಾಗ ಗಂಡಿನ ಟೆಸ್ಟೋಸ್ಟೆರಾನ್ ಏರುತ್ತೆ ಅಂತ ವಿಜ್ಞಾನಿ ವಿಂಗ್‌ಫೀಲ್ಡ್ 1990ರಲ್ಲೇ ವಾದ ಮಂಡಿಸಿದ್ರು.

ನನಗೆ ತುಂಬಾ ಹಿಡಿಸಿದ್ದು ಕೀನ್ಯಾದ ಬಬೂನ್ ಕೋತಿಗಳ ಒಂದು ಗುಂಪಿನ ವಿಷಯ. 1980ರ ದಶಕದಲ್ಲಿ ಟೂರಿಸ್ಟ್ ಲಾಡ್ಜ್ ಒಂದರ ಕಸದ ಗುಂಡಿಗೆ ಜಗಳ ಆಡ್ಕೊಂಡು ಹೋಗ್ತಿದ್ದ ಪುಂಡ ಗಂಡುಗಳೆಲ್ಲ ಅಲ್ಲಿನ ಮಾಂಸದಿಂದ ಟಿಬಿ ತಗುಲಿ ಸತ್ವು, ಸಾಧು ಗಂಡುಗಳು ಮಾತ್ರ ಉಳಿದ್ವು. ವರ್ಷಗಳಾದ್ಮೇಲೆ ವಿಜ್ಞಾನಿ ಸಪೋಲ್ಸ್ಕಿ ನೋಡ್ದಾಗ ಆ ಗಂಡುಗಳೂ ಇರ್ಲಿಲ್ಲ, ಹೊರಗಿಂದ ಬಂದು ಸೇರಿದ ಹೊಸ ಗಂಡುಗಳೇ ಇದ್ವು, ಆದ್ರೂ ಗುಂಪಿನ ಶಾಂತ ರೀತಿ ಹಾಗೇ ಇತ್ತು. ಕೆಳಗಿನ ದರ್ಜೆಯ ಗಂಡುಗಳಲ್ಲಿ ಬೇರೆ ಕಡೆ ಸದಾ ಹೆಚ್ಚಿರೋ ಸ್ಟ್ರೆಸ್ ಹಾರ್ಮೋನ್ ಕೂಡ ಇಲ್ಲಿ ಏರಿರ್ಲಿಲ್ಲ.