ಕಣ್ಣು ಹೊಡೆದ ಮಾವ

ಸೋದರಮಾವನಿಗೆ ಸಹಸ್ರ ಚಂದ್ರ ದರ್ಶನ. ಆಮಂತ್ರಣ ಪತ್ರಿಕೆಯ ಮೇಲೆ 1969ರ ಅವರ ಮದುವೆಯ ಫೋಟೋ ಬರಬೇಕೆಂದು ತೀರ್ಮಾನವಾಯಿತು. ಬೂಷ್ಟು ಹಿಡಿದ ಆ ಕಪ್ಪುಬಿಳುಪು ಚಿತ್ರವನ್ನು ತಿದ್ದುವ ಕೆಲಸ ನನ್ನ ಪಾಲಿಗೆ ಬಂತು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಕಂಪ್ಯೂಟರಿನ ಮುಂದೆ ಕುಳಿತಿದ್ದೆ ಎಂಬುದೇ ನನ್ನ ಅರ್ಹತೆ.

ಹಳೆಯ ಕಂಪ್ಯೂಟರಿನ ಗುಂಡಿ ಒತ್ತಿ ಫಿಲ್ಟರಿಗೆ ಬಿಸಿನೀರು ಸುರಿದರೆ, ಡಿಕಾಕ್ಷನ್ ಇಳಿಯುವ ಹೊತ್ತಿಗೆ ಅದು ಕಣ್ಣು ಬಿಡುತ್ತಿತ್ತು. ಇದೇ ನೆಪದಲ್ಲಿ ಹೊಸದನ್ನು ತಂದೆ. "ಈ ಮಾನಿಟರ್ 144 ಹರ್ಟ್ಸ್ ಸರ್, ಗೇಮ್ ಆಡುವವರೆಲ್ಲ ಇದನ್ನೇ ಕೇಳುತ್ತಾರೆ" ಎಂದ ಅಂಗಡಿಯ ಹುಡುಗ. ನಾನು ಆಡುವುದು ಸುಡೊಕು ಒಂದೇ, ಅದೂ ಪತ್ರಿಕೆಯಲ್ಲಿ, ಪೆನ್ಸಿಲ್ ಹಿಡಿದು. ಆದರೂ ಕೊಂಡೆ. ಸೆಕೆಂಡಿಗೆ 144 ಸಲ ಹೊಸದಾಗುವ ಪರದೆ ಏಳೇ ಸೆಕೆಂಡಿನಲ್ಲಿ ಸಾವಿರ ದಾಟುತ್ತದೆ. ಸಾವಿರ ಹುಣ್ಣಿಮೆ ಕಾಣಲು ಮಾವನಿಗೆ ಎಂಬತ್ತು ವರ್ಷದ ಮೇಲಾಗಿತ್ತು.

ಫೋಟೋ ತೆರೆದು ಮೊದಲ ಕಲೆಯ ಮೇಲೆ ಕುಂಚ ಆಡಿಸಿದೆ. ಪರದೆ ಮಿಣುಕಿತು. ಕೈ ನಿಲ್ಲಿಸಿದರೆ ಮತ್ತೆ ಮಿಣುಕಿತು. ಆ ಮಿಣುಕಿನಲ್ಲಿ ಮಾವ, ಪಕ್ಕದಲ್ಲೇ ಇದ್ದ ಮದುಮಗಳನ್ನು ಬಿಟ್ಟು, ನನಗೆ ಕಣ್ಣು ಹೊಡೆಯುತ್ತಿದ್ದಂತೆ ಕಾಣಿಸಿತು.

"ವೋಲ್ಟೇಜ್ ಇಲ್ಲ, ಮೇಲಿನ ಮನೆಯವರು ಮಿಕ್ಸಿ ಹಾಕಿದ್ದಾರೆ" ಎಂದಳು ಹೆಂಡತಿ. ನಮ್ಮ ಮನೆಯಲ್ಲಿ ಏನು ಕೆಟ್ಟರೂ ಆ ಮಿಕ್ಸಿಯೇ ಹೊಣೆ.

ಪುಣೆಯಲ್ಲಿರುವ ಮಗನಿಗೆ ಫೋನ್ ಮಾಡಿದೆ. "ಟಾಸ್ಕ್ ಮ್ಯಾನೇಜರ್, ಅದೇ ಓಡುತ್ತಿರುವ ತಂತ್ರಾಂಶಗಳ ಪಟ್ಟಿ, ತೆರೆದು ನೋಡಿ ಅಪ್ಪಾ. ಅದೂ ಮಿಣುಕಿದರೆ ಡ್ರೈವರಿನ ಮೇಲೆ ಅನುಮಾನ, ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡನ್ನು ನಡೆಸುವುದು ಅದೇ. ಪಟ್ಟಿ ಸುಮ್ಮನಿದ್ದರೆ ಫೋಟೋ ತಿದ್ದುವ ತಂತ್ರಾಂಶದ ಮೇಲೆ." ಅದು ಗರುಡಗಂಬದ ಹಾಗೆ ಅಲುಗದೆ ನಿಂತಿತ್ತು. ತಂತ್ರಾಂಶವನ್ನು ಕಿತ್ತು ಮತ್ತೆ ಹಾಕಿದೆ. ಡ್ರೈವರ್ ನಿರಪರಾಧಿಯೆಂದು ತಿಳಿದಿದ್ದರೂ, ಇರಲಿ ಎಂದು ಅದನ್ನೂ ಹೊಸದು ಮಾಡಿದೆ. ಕೇಬಲ್ ಬಿಚ್ಚಿ, ಊದಿ, ಚುಚ್ಚಿದೆ. ಗ್ರಾಫಿಕ್ಸ್ ಕಾರ್ಡನ್ನು ಬಳಸಬೇಡ ಎಂದು ತಂತ್ರಾಂಶಕ್ಕೆ ಸೆಟ್ಟಿಂಗಿನಲ್ಲಿ ಹೇಳಿದಾಗ ಮಾತ್ರ ಮಿಣುಕು ನಿಂತಿತು. ಆದರೆ ನಾನು ಮಾವನ ಪೇಟದ ಮೇಲೆ ಎಳೆದ ಗೆರೆ, ಕೈ ಅತ್ತೆಯ ಬಾಸಿಂಗಕ್ಕೆ ತಲುಪಿದ ಮೇಲೆ ಮೂಡುತ್ತಿತ್ತು. ಆ ಉಪಾಯ ಕೈಬಿಟ್ಟೆ.

ಕೊನೆಗೆ ಮಗ ದೂರದಿಂದಲೇ ನನ್ನ ಪರದೆಯನ್ನು ನೋಡುವ ಏರ್ಪಾಡು ಮಾಡಿಕೊಂಡ. ನಾನು ಕುಂಚ ಆಡಿಸಿದೆ. ಇಲ್ಲಿ ದೀಪಾವಳಿ. "ಸರಿಯಾಗಿಯೇ ಇದೆಯಲ್ಲ ಅಪ್ಪಾ?" ಸ್ಕ್ರೀನ್‌ಶಾಟ್ ತೆಗೆದು ಕಳಿಸಿದೆ, ಅದರಲ್ಲೂ ಏನೂ ಇಲ್ಲ. ಡಾಕ್ಟರ ಮನೆ ಬಾಗಿಲಲ್ಲಿ ಜ್ವರ ಬಿಟ್ಟುಹೋದ ಮಗುವನ್ನು ಎತ್ತಿಕೊಂಡು ನಿಂತ ತಾಯಿಯ ಪಾಡು ನನ್ನದು. "ಕಣ್ಣಿನ ಪರೀಕ್ಷೆ ಮಾಡಿಸಿ ಎಷ್ಟು ದಿನವಾಯಿತು?" ಎಂದು ಹೆಂಡತಿ ಕೇಳಿದ್ದು ಆಗಲೇ.

ಮಗ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಕಂಪ್ಯೂಟರ್ ಕಳಿಸುವ ಚಿತ್ರ ಸರಿಯಿದೆ. ತೊಂದರೆ ಮಾನಿಟರಿನದು" ಎಂದ. ಗ್ರಾಫಿಕ್ಸ್ ಕಾರ್ಡ್ ಚಿತ್ರ ಕೊಟ್ಟಾಗಲೇ ಹೊಸದಾಗುವಂತೆ ಪರದೆ ತನ್ನ ವೇಗವನ್ನು ಬದಲಿಸಿಕೊಳ್ಳುವ ಸೌಲಭ್ಯ ಅದರಲ್ಲಿತ್ತು. ಹಾಡುಗಾರ ಎಳೆದಷ್ಟು ಕಾಯುವ ಮೃದಂಗದವನಂತೆ. ಆಟದಲ್ಲಿ ಚಿತ್ರಗಳು ಬಿಡುವಿಲ್ಲದೆ ಸುರಿಯುತ್ತವೆ, ಸರಿ. ನಾನೋ ಒಂದು ಚುಕ್ಕೆ ಅಳಿಸಿ, ಕನ್ನಡಕ ಏರಿಸಿ, ಕಾಫಿ ಕುಡಿದು, ಇನ್ನೊಂದು ಚುಕ್ಕೆಗೆ ಬರುವವನು. ನನ್ನ ಕೈ ನಿಂತರೆ ಬರೆಯಲು ಹೊಸದೇನೂ ಇಲ್ಲ, ಪರದೆಯ ವೇಗ ಇಳಿಯುತ್ತದೆ. ಕೈ ಆಡಿದರೆ ಗಾಬರಿಯಿಂದ ಏರುತ್ತದೆ. ಹೀಗೆ ಏರಿಳಿಯುವಾಗ ಬೆಳಕೂ ಒಂದಿಷ್ಟು ಹೆಚ್ಚುಕಡಿಮೆಯಾಗುತ್ತದೆ. ಅದೇ ಮಿಣುಕು.

ಮಾನಿಟರಿನ ಅಡಿಯಲ್ಲಿ ಕಾಣದ ಹಾಗೆ ಅಡಗಿಸಿದ್ದ ಗುಂಡಿಗಳನ್ನು ತಡಕಾಡಿ, ಭಾಷೆಯನ್ನು ಎರಡು ಸಲ ಚೀನೀಗೆ ಬದಲಿಸಿ, ಆ ಸೌಲಭ್ಯವನ್ನು ಕೊನೆಗೂ ನಿಲ್ಲಿಸಿದೆ. ಪರದೆ ತಣ್ಣಗಾಯಿತು.

ಮಾವ ಮಾತ್ರ ಕಣ್ಣು ಹೊಡೆಯುತ್ತಲೇ ಇದ್ದರು. ಹಿಗ್ಗಿಸಿ ನೋಡಿದರೆ, ಫ್ಲ್ಯಾಶ್ ಬಿದ್ದ ಗಳಿಗೆಯಲ್ಲಿ ಅವರ ಬಲಗಣ್ಣು ನಿಜವಾಗಿಯೂ ಅರ್ಧ ಮುಚ್ಚಿತ್ತು. ಇಷ್ಟು ಪಾಡುಪಟ್ಟವನಿಗೆ ಅದೇನು ಮಹಾ? ಎಡಗಣ್ಣನ್ನೇ ತಿರುಗಿಸಿ ಬಲಕ್ಕೆ ಅಂಟಿಸಿ, ಅಚ್ಚಿಗೆ ಕೊಡುವ ಮೊದಲು ಅತ್ತೆಗೆ ತೋರಿಸಿದೆ.

ಅವರು ಬಹಳ ಹೊತ್ತು ನೋಡಿದರು. "ಇವರು ಯಾರಪ್ಪಾ? ನಾನು ಕೈ ಹಿಡಿದದ್ದು ಆ ಅರೆಗಣ್ಣಿನವರನ್ನು. ಅದನ್ನೇ ಹಾಕು."